ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಮಕ್ಕಳಿಗೆ ಯಾವ ಕಸುಬು?

ಪಿಯುಸಿ ಫಲಿತಾಂಶ ಬಂದ ಮರುವಾರ ಚರ್ಚಿನ ಅಂಗಳದಲ್ಲಿ ಕೇಳಿಬರುವ ಪ್ರಶ್ನೆ ಈಚಿನ ವರ್ಷಗಳಲ್ಲಿ ಬದಲಾಗಿದೆ. ಹಿಂದೆ ತಂದೆತಾಯಂದಿರು, "ಫಾದರ್, ಇಂಜಿನಿಯರಿಂಗ್ ಸೀಟು ಸಿಗಬಹುದೇ?" ಎಂದು ವಿಚಾರಿಸುತ್ತಿದ್ದರು. ಈಗ, "ನಾಲ್ಕು ವರ್ಷ ಕಲಿತು ಹೊರಗೆ ಬರುವಾಗ ಆ ಕೆಲಸ ಉಳಿದಿರುತ್ತದೆಯೇ?" ಎನ್ನುತ್ತಾರೆ. ಚಿತ್ರ ಬಿಡಿಸುವ ಮಗಳು, ಹಾಡಿಗೆ ರಾಗ ಹಾಕುವ ಮಗ ಇರುವ ಮನೆಗಳಲ್ಲಿ ಈ ಚಿಂತೆ ಇನ್ನೂ ಹೆಚ್ಚು. ಮನೆ ಜಾಗವನ್ನು ಅಡವಿಟ್ಟು ಶಿಕ್ಷಣ ಸಾಲ ತೆಗೆಯುವ ಕುಟುಂಬಕ್ಕೆ ಇದು ಕೇವಲ ಚರ್ಚೆಯ ವಿಷಯವಲ್ಲ.

ಪ್ರಶ್ನೆ ಸುಮ್ಮನೆ ಹುಟ್ಟಿದ್ದೂ ಅಲ್ಲ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂತು. ಪ್ರೋಗ್ರಾಂ ಬರೆಯುವುದು, ಪತ್ರ ಬರೆಯುವುದು, ಅನುವಾದಿಸುವುದು, ಚಿತ್ರ ರಚಿಸುವುದು, ಹಾಡು ಕಟ್ಟುವುದು ಕೆಲವೇ ವರ್ಷಗಳಲ್ಲಿ ಯಂತ್ರದಿಂದ ಸಾಧ್ಯವಾಯಿತು. 2025ರ ಜುಲೈ ಕೊನೆಯಲ್ಲಿ ಟಿಸಿಎಸ್ ಕಂಪನಿ ತನ್ನ ಸಿಬ್ಬಂದಿಯಲ್ಲಿ ಶೇ. 2ರಷ್ಟು, ಅಂದರೆ ಸುಮಾರು 12,000 ಮಂದಿಯನ್ನು ಕೆಲಸದಿಂದ ತೆಗೆಯುವುದಾಗಿ ಪ್ರಕಟಿಸಿತು. ಇದಕ್ಕೆ ಎಐ ಕಾರಣವಲ್ಲ, ಕೌಶಲ ಹೊಂದಿಕೆಯಾಗದ್ದೇ ಕಾರಣ ಎಂದು ಕಂಪನಿ ಹೇಳಿಕೊಂಡಿತು. ಆದರೆ ಕರಾವಳಿಯ ಮನೆಗಳಲ್ಲಿ ಆ ಸುದ್ದಿ ಹುಟ್ಟಿಸಿದ ಭಯ ಇನ್ನೂ ಇಳಿದಿಲ್ಲ.

ಈ ಭಯಕ್ಕೆ ಎರಡು ಉತ್ತರಗಳು ಸುಲಭವಾಗಿ ಸಿಗುತ್ತವೆ. "ಇನ್ನು ಕಲಿತು ಪ್ರಯೋಜನವಿಲ್ಲ, ಎಲ್ಲ ಯಂತ್ರವೇ ಮಾಡುತ್ತದೆ" ಎನ್ನುವುದು ಒಂದು. "ಕಂಪ್ಯೂಟರ್ ಬಂದಾಗಲೂ ಹೀಗೇ ಹೇಳಿದರು, ಏನೂ ಆಗಲಿಲ್ಲ" ಎನ್ನುವುದು ಇನ್ನೊಂದು. ಎರಡೂ ಪೂರ್ತಿ ನಿಜವಲ್ಲ. ನಮ್ಮ ಮಕ್ಕಳು ಕೆಲಸ ಹುಡುಕಿಕೊಂಡು ಹೋಗುವ ಬೆಂಗಳೂರಿನ ಪೂರ್ವ ಭಾಗದಲ್ಲೇ ಇಂಥದೊಂದು ಬದಲಾವಣೆ ಹಿಂದೆ ನಡೆದುಹೋಗಿದೆ. ಅದನ್ನು ಒಮ್ಮೆ ನೋಡಿದರೆ ಈಗಿನ ಸಮಸ್ಯೆಯಲ್ಲಿ ಹಳೆಯದೆಷ್ಟು, ಹೊಸದೆಷ್ಟು ಎಂಬುದು ತಿಳಿಯುತ್ತದೆ.

ದೂರವಾಣಿನಗರದ ಪಾಠ

ಕೆ.ಆರ್. ಪುರದ ಪಕ್ಕದಲ್ಲಿ ದೂರವಾಣಿನಗರವಿದೆ. ಹೆಸರೇ ಹೇಳುವಂತೆ ಅದು ಟೆಲಿಫೋನ್‌ಗಾಗಿ ಹುಟ್ಟಿದ ಊರು. 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಎಲ್ಲರ ಬಾಯಲ್ಲಿರುವ ಐ.ಟಿ.ಐ., ಇಲ್ಲಿ ಆರಂಭವಾಯಿತು. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆ ಎಂದು ಅದನ್ನು ಗುರುತಿಸುತ್ತಾರೆ. ಡಯಲ್ ತಿರುಗಿಸುವ ಕಪ್ಪು ಫೋನುಗಳಷ್ಟೇ ಅಲ್ಲ, ಆ ಕರೆಗಳನ್ನು ಜೋಡಿಸುವ ಎಕ್ಸ್‌ಚೇಂಜ್‌ಗಳೂ ಅಲ್ಲಿ ತಯಾರಾಗುತ್ತಿದ್ದವು. 1940ರಲ್ಲಿ ಶುರುವಾದ ಎಚ್.ಎ.ಎಲ್. ಮತ್ತು ಈ ಐ.ಟಿ.ಐ. ಸೇರಿ ನಗರದ ಪೂರ್ವ ಭಾಗವನ್ನು ಕುಶಲಕರ್ಮಿಗಳ ನೆಲೆಯನ್ನಾಗಿ ಮಾಡಿದವು. ಕರಾವಳಿಯಿಂದ ಹೋದ ಎಷ್ಟೋ ಕುಟುಂಬಗಳ ಅನ್ನ ಅಲ್ಲಿಯದು.

ಐ.ಟಿ.ಐ. ಮೊದಲು ತಯಾರಿಸಿದ್ದು ಸ್ಟ್ರೌಜರ್ ಮಾದರಿಯ ಎಕ್ಸ್‌ಚೇಂಜ್. ಡಯಲ್ ತಿರುಗಿಸಿದಾಗ ಆ ಅಂಕಿಗೆ ತಕ್ಕಷ್ಟು ವಿದ್ಯುತ್ ಮಿಡಿತಗಳು ತಂತಿಯಲ್ಲಿ ಹೋಗುತ್ತವೆ. ಎಕ್ಸ್‌ಚೇಂಜ್‌ನಲ್ಲಿರುವ ಒಂದು ಸಣ್ಣ ದಂಡ ಒಂದೊಂದು ಮಿಡಿತಕ್ಕೆ ಒಂದೊಂದು ಮೆಟ್ಟಿಲು ಮೇಲೇರುತ್ತದೆ, ಮುಂದಿನ ಅಂಕಿಗೆ ಅಡ್ಡಕ್ಕೆ ತಿರುಗುತ್ತದೆ. ಹತ್ತು ಮೆಟ್ಟಿಲು, ಪ್ರತಿ ಮೆಟ್ಟಿಲಲ್ಲಿ ಹತ್ತು ಸ್ಥಾನ, ಹೀಗೆ ನೂರು ಸಂಪರ್ಕಗಳಲ್ಲಿ ಒಂದನ್ನು ಅದು ಆರಿಸುತ್ತದೆ. ಇದೆಲ್ಲ ಸರಿಯಾಗಿ ನಡೆಯಬೇಕಾದರೆ ರಿಲೇಗಳ ತೆಳ್ಳಗಿನ ಸ್ಪ್ರಿಂಗ್‌ಗಳನ್ನು ಕೂದಲೆಳೆಯ ಅಂತರಕ್ಕೆ ಹೊಂದಿಸಬೇಕಿತ್ತು. ಗೇಜು ಹಿಡಿದು, ಬೆರಳಿನ ಅಂದಾಜಿನಿಂದ ಆ ಕೆಲಸ ಮಾಡುವವರಿದ್ದರು. ಸುರುಳಿ ಸುತ್ತುವ, ಭಾಗಗಳನ್ನು ಜೋಡಿಸುವ ಸಾಲುಗಳಲ್ಲಿ ಮಹಿಳೆಯರು ದೊಡ್ಡ ಸಂಖ್ಯೆಯಲ್ಲಿದ್ದರು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಆ ಯಂತ್ರ ಹುಟ್ಟಿದ್ದೇ ಮನುಷ್ಯರ ಕೆಲಸವನ್ನು ತೆಗೆಯುವುದಕ್ಕೆ. ಅಮೆರಿಕದ ಆಲ್ಮನ್ ಸ್ಟ್ರೌಜರ್ ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವ ವ್ಯಾಪಾರಿ. ಊರಿನ ಟೆಲಿಫೋನ್ ಆಪರೇಟರ್ ತನ್ನ ಗಿರಾಕಿಗಳ ಕರೆಯನ್ನು ಎದುರಾಳಿಗೆ ತಿರುಗಿಸುತ್ತಾಳೆಂಬ ಸಿಟ್ಟಿನಿಂದ ಆಪರೇಟರೇ ಬೇಡದ ಯಂತ್ರವನ್ನು ಯೋಚಿಸಿದ ಎಂಬ ಕಥೆ ಪ್ರಸಿದ್ಧ. ಅವನಿಗೆ ಪೇಟೆಂಟ್ ದೊರೆತದ್ದು 1891ರ ಮಾರ್ಚ್‌ನಲ್ಲಿ. ಹೀಗೆ ಒಂದು ದೇಶದಲ್ಲಿ ಆಪರೇಟರ್‌ಗಳ ಕೆಲಸಕ್ಕೆ ಕುತ್ತು ತಂದ ಯಂತ್ರ, ಅರ್ಧ ಶತಮಾನದ ನಂತರ ಕೆ.ಆರ್. ಪುರದ ಬಳಿ ಸಾವಿರಾರು ಮನೆಗಳಿಗೆ ಸಂಬಳ ತಂದಿತು.

ಆದರೆ ಆ ಸಂಬಳವೂ ಶಾಶ್ವತವಾಗಿರಲಿಲ್ಲ. ಸ್ಟ್ರೌಜರ್ ಹೋಗಿ ಕ್ರಾಸ್‌ಬಾರ್ ಬಂತು, 1980ರ ದಶಕದಲ್ಲಿ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಬಂತು. ಅದರಲ್ಲಿ ಮೇಲೇರುವ ದಂಡವಿಲ್ಲ, ಹೊಂದಿಸಬೇಕಾದ ಸ್ಪ್ರಿಂಗ್‌ಗಳ ಸಾಲಿಲ್ಲ. 1990ರ ದಶಕದಲ್ಲಿ ಸರಕಾರ ದೂರಸಂಪರ್ಕ ಕ್ಷೇತ್ರವನ್ನು ಖಾಸಗಿಯವರಿಗೂ ತೆರೆಯಿತು. ಐ.ಟಿ.ಐ.ಗೆ ಬರುತ್ತಿದ್ದ ಬೇಡಿಕೆ ಕುಸಿಯಿತು, ಸ್ವಯಂ ನಿವೃತ್ತಿ ಯೋಜನೆಗಳು ಬಂದವು, ನಷ್ಟದ ವರ್ಷಗಳು ಬಂದವು. 2014ರಲ್ಲಿ ಕೇಂದ್ರ ಸರಕಾರ ಪುನಶ್ಚೇತನ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಕಂಪನಿ ಇಂದೂ ಇದೆ. ಅಂದಿನ ಕಾರ್ಮಿಕರ ಸಂಖ್ಯೆ ಮಾತ್ರ ಇಲ್ಲ. ಇದಕ್ಕೆ ಯಂತ್ರ ಮಾತ್ರ ಕಾರಣವಾಗಿರಲಿಲ್ಲ, ಸರಕಾರದ ನೀತಿಯೂ ಕಾರಣವಾಗಿತ್ತು ಎಂಬುದನ್ನು ಮರೆಯಬಾರದು. "ತಂತ್ರಜ್ಞಾನ ಬಂತು, ಏನು ಮಾಡುವುದು?" ಎಂದು ಕೈಚೆಲ್ಲುವುದು ಹಲವರಿಗೆ ಅನುಕೂಲದ ಮಾತು.

ಈ ಕಥೆಯಿಂದ ನಾವು ಕಲಿಯಬೇಕಾದ್ದು ಏನು? ಪ್ರತಿಯೊಂದು ಕಸುಬಿನಲ್ಲೂ ಎರಡು ಪದರಗಳಿವೆ. ಮೇಲಿನ ಪದರ ಕೈಚಳಕದ್ದು: ಇಂಥ ರಿಲೇಯ ಸ್ಪ್ರಿಂಗನ್ನು ಇಷ್ಟೇ ಬಗ್ಗಿಸಬೇಕು ಎಂಬುದು. ಅದು ಆ ಯಂತ್ರದ ಜೊತೆಗೇ ಹೋಗುತ್ತದೆ. ಕೆಳಗಿನ ಪದರ ತಿಳಿವಿನದು: ನಕ್ಷೆ ಓದುವುದು, ತಪ್ಪಿಲ್ಲದೆ ಅಳೆಯುವುದು, ದೋಷ ಎಲ್ಲಿದೆಯೆಂದು ಹೆಜ್ಜೆಹೆಜ್ಜೆಯಾಗಿ ಹುಡುಕುವುದು, ಅಚ್ಚು ಮತ್ತು ಉಪಕರಣ ಮಾಡುವುದು, ಮಾಡಿದ್ದು ಸರಿಯಿದೆಯೇ ಎಂದು ತೀರ್ಮಾನಿಸುವುದು. ಟೂಲ್ ರೂಮಿನಲ್ಲಿ ಪಳಗಿದ ಕೈಗೆ ಇಂದೂ ಯಾವ ಕಾರ್ಖಾನೆಯಲ್ಲೂ ಬೆಲೆಯಿದೆ. ಯಂತ್ರ ಬದಲಾದರೂ ಉಳಿಯುವುದು ಈ ಎರಡನೆಯ ಪದರ.

ಇಷ್ಟೇ ಆಗಿದ್ದರೆ ನಮ್ಮ ಮಕ್ಕಳಿಗೆ ಹೇಳುವುದು ಸುಲಭವಿತ್ತು: ತಿಳಿವು ಕಲಿಯಿರಿ, ಕೈಚಳಕ ಬಿಡಿ. ಆದರೆ ಒಂದು ತೊಡಕಿದೆ. ಆ ತಿಳಿವು ಪುಸ್ತಕದಿಂದ ಬರುವುದಿಲ್ಲ. ಸಾವಿರ ಸ್ಪ್ರಿಂಗ್ ಬಗ್ಗಿಸಿದವನಿಗೇ ಅಳತೆಯ ಅರ್ಥ ತಿಳಿಯುವುದು. ಮೇಲಿನ ಪದರದ ಮೂಲಕವೇ ಕೆಳಗಿನದಕ್ಕೆ ಇಳಿಯಬೇಕು. ಇಂದಿನ ಅಪಾಯ ಇರುವುದು ಇಲ್ಲಿಯೇ.

ಕಾಣೆಯಾಗುತ್ತಿರುವ ಮೊದಲ ಮೆಟ್ಟಿಲು

ಕೃತಕ ಬುದ್ಧಿಮತ್ತೆ ಮೊದಲು ಕೈ ಹಾಕಿರುವುದು ಹೊಸಬರ ಕೆಲಸಕ್ಕೆ. ಚಿಕ್ಕಪುಟ್ಟ ಪ್ರೋಗ್ರಾಂ ಬರೆಯುವುದು, ದೋಷ ಪರೀಕ್ಷಿಸುವುದು, ವರದಿಯ ಮೊದಲ ಕರಡು, ಜಾಹೀರಾತಿನ ಹತ್ತು ಮಾದರಿ ಚಿತ್ರ, ಅನುವಾದದ ಮೊದಲ ಪ್ರತಿ, ಇವನ್ನೆಲ್ಲ ಕಚೇರಿಗಳಲ್ಲಿ ಮಾಡುತ್ತಿದ್ದವರು ಆಗಷ್ಟೇ ಸೇರಿದ ಹುಡುಗ ಹುಡುಗಿಯರು. ಅದು ಕಂಪನಿಗೆ ಅಗ್ಗದ ಕೆಲಸ, ಅವರಿಗೆ ಶಾಲೆ. ಯಂತ್ರ ಆ ಕೆಲಸವನ್ನು ಕ್ಷಣದಲ್ಲಿ ಮಾಡಿಕೊಟ್ಟಾಗ ಕಂಪನಿಗೆ ಹಣ ಉಳಿಯಿತು, ಶಾಲೆ ಮುಚ್ಚಿತು.

ಇದು ನಮ್ಮ ಊಹೆಯಷ್ಟೇ ಅಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ಸಂಬಳ ಪಟ್ಟಿಗಳ ಮಾಹಿತಿಯಿಂದ ಒಂದು ಅಧ್ಯಯನ ಪ್ರಕಟಿಸಿದರು. ಎಐ ಹೆಚ್ಚು ಪ್ರಭಾವ ಬೀರುವ ಉದ್ಯೋಗಗಳಲ್ಲಿ 22ರಿಂದ 25 ವರ್ಷದ ಉದ್ಯೋಗಿಗಳ ಸಂಖ್ಯೆ ಉಳಿದ ಉದ್ಯೋಗಗಳಿಗೆ ಹೋಲಿಸಿದರೆ ಶೇ. 13ರಷ್ಟು ಇಳಿದಿತ್ತು. ಅದೇ ಉದ್ಯೋಗಗಳಲ್ಲಿರುವ ಹಿರಿಯರಿಗೆ ಅಂಥ ಪೆಟ್ಟು ಬಿದ್ದಿರಲಿಲ್ಲ. ಅಮೆರಿಕದ ಲೆಕ್ಕವನ್ನು ಹಾಗೆಯೇ ಬೆಂಗಳೂರಿಗೆ ಅಂಟಿಸುವುದು ಸರಿಯಲ್ಲ. ಆದರೂ ಬೆಂಗಳೂರಿನ ಕಚೇರಿಗಳ ಗಿರಾಕಿಗಳಲ್ಲಿ ಬಹಳ ಮಂದಿ ಆ ದೇಶದವರೇ ಎಂಬುದನ್ನು ನೆನಪಿಡಬೇಕು.

ಟಿಸಿಎಸ್ ಸುದ್ದಿಯಲ್ಲಿ ಪೆಟ್ಟು ಬಿದ್ದದ್ದು ಹೆಚ್ಚಾಗಿ ಮಧ್ಯಮ ಮತ್ತು ಹಿರಿಯ ಹುದ್ದೆಯವರಿಗೆ. ಎರಡನ್ನೂ ಒಟ್ಟಿಗೆ ಓದಿದರೆ ಹೀಗೆ ಕಾಣುತ್ತದೆ: ಒಳಗೆ ಬರುವ ಬಾಗಿಲು ಕಿರಿದಾಗುತ್ತಿದೆ, ಒಳಗಿದ್ದವರಿಗೂ ಹಳೆಯ ಅನುಭವದ ಪತ್ರವೊಂದೇ ಸಾಲದು. ಹಾಗಾದರೆ ಇಪ್ಪತ್ತು ವರ್ಷದ ನಂತರ ಬೇಕಾಗುವ ಅನುಭವಿಗಳು ಎಲ್ಲಿಂದ ಬರುತ್ತಾರೆ? ಈ ಪ್ರಶ್ನೆಗೆ ಕಂಪನಿಗಳ ಬಳಿ ಉತ್ತರವಿಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರು ತರಬೇತಿ ಕೊಡಲಿ ಎಂದು ಕಾಯುತ್ತಿದ್ದಾರೆ.

ಯಂತ್ರವನ್ನು ಬಳಸುವವರಿಗೂ ಒಂದು ಎಚ್ಚರಿಕೆ ಇದೆ. 2025ರ ಜುಲೈಯಲ್ಲಿ ಎಂಇಟಿಆರ್ ಎಂಬ ಸಂಶೋಧನ ಸಂಸ್ಥೆ 16 ಮಂದಿ ಅನುಭವಿ ಪ್ರೋಗ್ರಾಮರ್‌ಗಳನ್ನು ಪರೀಕ್ಷಿಸಿದ ಅಧ್ಯಯನವನ್ನು ಪ್ರಕಟಿಸಿತು. ಎಐ ನೆರವು ಪಡೆದಾಗ ಅವರಿಗೆ ಶೇ. 19ರಷ್ಟು ಹೆಚ್ಚು ಸಮಯ ಹಿಡಿಯಿತು. ಆದರೆ ತಮ್ಮ ಕೆಲಸ ಶೇ. 20ರಷ್ಟು ವೇಗವಾಯಿತು ಎಂದೇ ಅವರು ನಂಬಿದ್ದರು. ಚಿಕ್ಕ ಅಧ್ಯಯನ, ಯಂತ್ರಗಳೂ ಅಲ್ಲಿಂದ ಮುಂದೆ ಸುಧಾರಿಸಿವೆ. ಆದರೆ ಬಲ್ಲವರಿಗೇ ಇಂಥ ಭ್ರಮೆ ಆಗುವುದಾದರೆ, ಈಗಷ್ಟೇ ಕಲಿಯುತ್ತಿರುವವರ ಗತಿ ಏನು? ಉತ್ತರ ಬಂತೆಂದ ಮಾತ್ರಕ್ಕೆ ಕಲಿತಂತಾಗಲಿಲ್ಲ.

ಶಿವಾಜಿನಗರದ ಗುಜರಿ, ಇಂದಿರಾನಗರದ ಕಚೇರಿ

ಕಸುಬು ಕಲಿಯುವ ಬಗೆ ತಿಳಿಯಬೇಕಾದರೆ ದಂಡು ಪ್ರದೇಶದ ಹಳೆಯ ಬೀದಿಗಳನ್ನು ನೋಡಬೇಕು. ಸೆಪ್ಟೆಂಬರ್ 8ರಂದು ಸಂತ ಮೇರಿ ಬೆಸಿಲಿಕಾದ ಹಬ್ಬಕ್ಕೆ ಶಿವಾಜಿನಗರಕ್ಕೆ ಹೋದವರು ಹತ್ತಿರದ ಗುಜರಿ ಬೀದಿಗಳನ್ನೂ ಕಂಡಿರಬಹುದು. ಹಳೆಯ ವಾಹನಗಳನ್ನು ಬಿಚ್ಚಿ, ಉಪಯೋಗಕ್ಕೆ ಬರುವ ಭಾಗಗಳನ್ನು ವಿಂಗಡಿಸಿ ಮಾರುವ ಬೀದಿಗಳವು. ಅಲ್ಲಿನ ಹುಡುಗ ಮೊದಲು ನಟ್ಟು ಬೋಲ್ಟು ತೊಳೆಯುತ್ತಾನೆ, ಸ್ಪಾನರ್ ಎತ್ತಿಕೊಡುತ್ತಾನೆ, ಆಮೇಲೆ ಇಂಜಿನ್‌ಗೆ ಕೈ ಹಾಕುತ್ತಾನೆ. ಆ ಪದ್ಧತಿಯಲ್ಲಿ ಶೋಷಣೆಯೂ ಇದೆ, ಶಾಲೆಯಲ್ಲಿರಬೇಕಾದ ಮಗು ಗ್ಯಾರೇಜಿನಲ್ಲಿರುವುದನ್ನು ಒಪ್ಪಲಾಗದು. ಆದರೆ ಕಲಿಕೆಯ ಕ್ರಮದಲ್ಲಿ ಒಂದು ಸತ್ಯವಿದೆ. ಬಿಚ್ಚಿದವನಿಗೆ ಜೋಡಿಸುವುದು ತಿಳಿಯುತ್ತದೆ.

ಇಂದಿನ ಕಾರಿಗೆ ಸ್ಕ್ಯಾನರ್ ಜೋಡಿಸಿದರೆ ದೋಷದ ಸಂಕೇತ ಪರದೆಯ ಮೇಲೆ ಬರುತ್ತದೆ. ಇಂಥ ಸೆನ್ಸರ್ ಸರಿಯಿಲ್ಲ ಎಂದು ಅದು ಹೇಳಬಹುದು. ಸಂಕೇತವನ್ನಷ್ಟೇ ಓದಬಲ್ಲವನು ಸಾವಿರಾರು ರೂಪಾಯಿಯ ಸೆನ್ಸರ್ ಬದಲಾಯಿಸುತ್ತಾನೆ. ಕಸುಬು ಬಲ್ಲವನು ಬಾನೆಟ್ ಎತ್ತಿ, ಇಲಿ ಕಡಿದ ತಂತಿಯನ್ನು ಹುಡುಕಿ ಟೇಪು ಸುತ್ತುತ್ತಾನೆ. ಸ್ಕ್ಯಾನರ್ ಇಬ್ಬರ ಬಳಿಯೂ ಇದೆ. ಎಐ ಎಂಬುದು ಬಹಳ ದೊಡ್ಡ ಸ್ಕ್ಯಾನರ್ ಎಂದು ತಿಳಿದರೆ ಅದರ ಉಪಯೋಗವೂ ಮಿತಿಯೂ ಅರ್ಥವಾಗುತ್ತದೆ.

ಅಲ್ಲಿಂದ ಹಲಸೂರು ದೂರವಲ್ಲ. ಅಲ್ಲಿನ ಕೆರೆಯ ಬಳಿ ಸೈನ್ಯದ ಮದ್ರಾಸ್ ಇಂಜಿನಿಯರ್ ಗ್ರೂಪ್‌ನ ಕೇಂದ್ರವಿದೆ. ಅಲ್ಲಿ ಸೇರಿದ ಯುವಕನಿಗೆ ಸೈನಿಕ ಶಿಕ್ಷಣದ ಜೊತೆ ಒಂದು ಕಸುಬನ್ನೂ ಕಲಿಸುತ್ತಾರೆ. ಎಷ್ಟೇ ಹೊಸ ಸಲಕರಣೆ ಬಂದರೂ ಕೈಯಿಂದ ಮಾಡಿ ಕಲಿಯುವುದನ್ನು ಸೈನ್ಯ ಬಿಟ್ಟಿಲ್ಲ. ಸಲಕರಣೆ ಕೆಟ್ಟ ದಿನ ಕೆಲಸ ನಿಲ್ಲಬಾರದಲ್ಲ.

ಇನ್ನೂ ಮುಂದೆ ಇಂದಿರಾನಗರಕ್ಕೆ ಹೋದರೆ ವಿನ್ಯಾಸ, ಜಾಹೀರಾತು, ವಿಡಿಯೊ ಸಂಕಲನದ ಕಚೇರಿಗಳು. ಸೃಜನಶೀಲ ಕೆಲಸಕ್ಕೆ ಯಂತ್ರ ಬರಲಾರದು ಎಂದು ನಂಬಿದ್ದವರ ನಂಬಿಕೆ 2022ರಲ್ಲಿ ಅಲುಗಾಡಿತು. ಆ ಒಂದೇ ವರ್ಷದಲ್ಲಿ ಬರಹದಿಂದ ಚಿತ್ರ ಮಾಡಿಕೊಡುವ ಹಲವು ವ್ಯವಸ್ಥೆಗಳು ಸಾರ್ವಜನಿಕರಿಗೆ ದೊರೆತವು. ಈಗ ನಮ್ಮ ಚರ್ಚ್ ಹಬ್ಬದ ಬ್ಯಾನರ್‌ಗಳಿಗೂ ಅವೇ ಚಿತ್ರಗಳು. ಚಿತ್ರವೇನೋ ಹೊಳೆಯುತ್ತದೆ. ಆದರೆ ಹತ್ತಿರ ಹೋಗಿ ನೋಡಿ: ಆಗಾಗ ಒತ್ತಕ್ಷರ ಮುರಿದಿರುತ್ತದೆ, ಜಪಮಾಲೆಯ ಮಣಿಗಳ ಲೆಕ್ಕ ತಪ್ಪಿರುತ್ತದೆ, ನಮ್ಮೂರಿನ ಚರ್ಚಿನ ಬದಲು ಯಾವುದೋ ದೇಶದ ಗೋಪುರವಿರುತ್ತದೆ. ಅದನ್ನು ಕಂಡು ತಿದ್ದಬಲ್ಲ ಕಣ್ಣು ಬೇಕಾದರೆ ಕಾಗದದ ಮೇಲೆ ಪೆನ್ಸಿಲ್ ಹಿಡಿದು ಕಲಿತಿರಬೇಕು.

ನಮ್ಮ ನುಡಿಗಳ ಮಾತು

ಸೃಜನಶೀಲ ಕೌಶಲದ ವಿಚಾರದಲ್ಲಿ ಕರಾವಳಿಯವರಿಗೆ ಒಂದು ವಿಶೇಷ ಅವಕಾಶವಿದೆ. ಗೂಗಲ್ ತನ್ನ ಅನುವಾದ ಸೇವೆಗೆ ಕೊಂಕಣಿಯನ್ನು 2022ರ ಮೇ ತಿಂಗಳಲ್ಲಿ, ತುಳುವನ್ನು 2024ರ ಜೂನ್‌ನಲ್ಲಿ ಸೇರಿಸಿತು. ಆ ಕೊಂಕಣಿ ದೇವನಾಗರಿ ಲಿಪಿಯದು. ಕನ್ನಡ ಲಿಪಿಯಲ್ಲಿ ನಾವು ಓದುವ, ಪ್ರಾರ್ಥಿಸುವ, ಹಾಡುವ ಮಂಗಳೂರು ಕೊಂಕಣಿಯ ನುಡಿಗಟ್ಟು ಬೇರೆ. ಯಂತ್ರ ಕಲಿಯುವುದು ತನಗೆ ಸಿಕ್ಕಿದ ಬರಹದಿಂದ. ಬರಹ ಕಡಿಮೆಯಿದ್ದಲ್ಲಿ ಅದು ಊಹಿಸುತ್ತದೆ. ಹಾಗಾಗಿ ತಾಯಿನುಡಿಯಲ್ಲಿ ಚೆನ್ನಾಗಿ ಬರೆಯಬಲ್ಲ, ಯಂತ್ರದ ತಪ್ಪನ್ನು ಹಿಡಿಯಬಲ್ಲ ಯುವಕ ಯುವತಿಯರ ಕೆಲಸ ಮುಗಿದಿಲ್ಲ, ಶುರುವಾಗಿದೆ.

ಇದಕ್ಕೆ ದಾರಿ ತೋರಿಸಿದವರೂ ನಮ್ಮ ಕಡೆಯವರೇ. ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮವೇ 'ನುಡಿ' ತಂತ್ರಾಂಶದಲ್ಲಿ, ಸರಕಾರದ ಕಚೇರಿಗಳಲ್ಲಿ ಬಳಕೆಗೆ ಬಂತು. ಅಕ್ಷರಜೋಡಣೆಯ ಕೆಲಸ ಮೊಳೆಯಿಂದ ಕಂಪ್ಯೂಟರಿಗೆ ದಾಟುತ್ತಿದ್ದಾಗ, ಕನ್ನಡದ ಕಾಗುಣಿತವನ್ನೂ ಯಂತ್ರದ ಒಳಗನ್ನೂ ಬಲ್ಲವರೊಬ್ಬರು ಬೇಕಾಗಿತ್ತು. ಎರಡರಲ್ಲಿ ಒಂದನ್ನು ಮಾತ್ರ ಕಲಿತಿದ್ದರೆ ಆ ಕೆಲಸ ಆಗುತ್ತಿರಲಿಲ್ಲ. ಇಂದು ಬೆಂಗಳೂರಿನ 'ಕಾರ್ಯ' ಎಂಬ ಲಾಭರಹಿತ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಜನರಿಂದ ಕನ್ನಡ ವಾಕ್ಯಗಳನ್ನು ಓದಿಸಿ, ಧ್ವನಿ ಸಂಗ್ರಹಿಸಿ, ಅದಕ್ಕೆ ಸಂಬಳ ಕೊಟ್ಟಿದೆ. ಯಂತ್ರ ಜಾಣವಾಗುವುದರ ಹಿಂದೆ ಮನುಷ್ಯರ ದುಡಿಮೆ ಇದೆ, ಆ ದುಡಿಮೆಗೆ ಬೆಲೆ ಸಿಗಬೇಕು ಎಂಬುದನ್ನು ಇದು ನೆನಪಿಸುತ್ತದೆ.

1891ರ ಇನ್ನೊಂದು ಘಟನೆ

ಸ್ಟ್ರೌಜರ್‌ಗೆ ಪೇಟೆಂಟ್ ದೊರೆತ ಎರಡೇ ತಿಂಗಳಲ್ಲಿ, 1891ರ ಮೇ 15ರಂದು, ಪೋಪ್ 13ನೇ ಲಿಯೋ ಅವರು 'ರೇರುಂ ನೊವಾರುಂ' ಎಂಬ ವಿಶ್ವಪತ್ರವನ್ನು ಹೊರಡಿಸಿದರು. ಕಾರ್ಖಾನೆಗಳ ಯುಗದಲ್ಲಿ ಕಾರ್ಮಿಕನಿಗೆ ನ್ಯಾಯವಾದ ಕೂಲಿ ಬೇಕು, ಸಂಘ ಕಟ್ಟುವ ಹಕ್ಕು ಬೇಕು ಎಂದು ಅದು ಹೇಳಿತು. 2025ರ ಮೇ 8ರಂದು ಆಯ್ಕೆಯಾದ ಪೋಪ್ 14ನೇ ಲಿಯೋ ಅವರು ಎರಡು ದಿನಗಳ ನಂತರ ಕಾರ್ಡಿನಲ್‌ಗಳಿಗೆ ತಮ್ಮ ಹೆಸರಿನ ಕಾರಣ ವಿವರಿಸುವಾಗ ಈ ಪತ್ರವನ್ನೇ ನೆನೆದರು. ಕೃತಕ ಬುದ್ಧಿಮತ್ತೆ ಮನುಷ್ಯನ ಘನತೆ, ನ್ಯಾಯ, ದುಡಿಮೆಗಳಿಗೆ ಹೊಸ ಸವಾಲು ತಂದಿದೆ ಎಂದರು. ಎರಡನೇ ಜಾನ್ ಪಾವ್ಲರು 1981ರಲ್ಲೇ ತಂತ್ರಜ್ಞಾನ ಮನುಷ್ಯನ ಮಿತ್ರ, ಆದರೆ ಅವನ ಜಾಗವನ್ನೇ ಕಸಿದುಕೊಂಡರೆ ಅದೇ ವೈರಿಯಾಗಬಲ್ಲದು ಎಂಬ ಅರ್ಥದ ಮಾತು ಬರೆದಿದ್ದರು. ಯಂತ್ರ ಎಷ್ಟು ದುಡಿಯುತ್ತದೆ ಎಂಬುದಕ್ಕಿಂತ ಮೊದಲು, ದುಡಿಯುವ ಮನುಷ್ಯ ಏನಾಗುತ್ತಾನೆ ಎಂದು ಕೇಳಬೇಕು.

ನಾವೇನು ಮಾಡಬಹುದು?

ಮೊದಲನೆಯದಾಗಿ ವಿದ್ಯಾರ್ಥಿಗಳಿಗೆ. ಯಂತ್ರವನ್ನು ದೂರ ಇಡಬೇಡಿ, ಆದರೆ ಮೊದಲು ನೀವೇ ಮಾಡಿ. ಲೆಕ್ಕ, ಪ್ರೋಗ್ರಾಂ, ಪ್ರಬಂಧ, ಚಿತ್ರ ಯಾವುದೇ ಇರಲಿ, ಸ್ವಂತವಾಗಿ ಒಮ್ಮೆ ಮಾಡಿದ ನಂತರ ಯಂತ್ರದ ಉತ್ತರದ ಜೊತೆ ಹೋಲಿಸಿ, ವ್ಯತ್ಯಾಸ ಏಕೆ ಬಂತೆಂದು ಕೇಳಿ. ಮೂರು ತಿಂಗಳಲ್ಲಿ ಎಐ ತಜ್ಞರನ್ನಾಗಿ ಮಾಡುತ್ತೇವೆ ಎನ್ನುವ ಜಾಹೀರಾತನ್ನು ನಂಬಿ ಹಣ ಕಟ್ಟುವ ಮೊದಲು, ಅಲ್ಲಿ ಕೈಯಿಂದ ಮಾಡಿಸುವ ಕೆಲಸ ಎಷ್ಟು, ತಿದ್ದುವ ಗುರು ಯಾರು ಎಂದು ವಿಚಾರಿಸಿ.

ಎರಡನೆಯದಾಗಿ ತಂದೆತಾಯಂದಿರಿಗೆ. ಐಟಿಐ, ಡಿಪ್ಲೊಮಾ ಕಲಿಯುವ ಮಗನನ್ನು ಕಡಿಮೆಯವನೆಂದು ಕಾಣಬೇಡಿ. ವಿದ್ಯುತ್, ಶೀತಲೀಕರಣ, ವಾಹನ ದುರಸ್ತಿ, ಶುಶ್ರೂಷೆಯಂಥ ಕೆಲಸಗಳಲ್ಲಿ ಕೈ, ಕಣ್ಣು, ಮನುಷ್ಯ ಸಂಪರ್ಕ ಮೂರೂ ಬೇಕು. ಅಲ್ಲಿಗೆ ಯಂತ್ರ ನಿಧಾನವಾಗಿ ಬರುತ್ತದೆ. ಹಾಗೆಂದು ಸಂಗೀತ, ಚಿತ್ರಕಲೆ, ಬರವಣಿಗೆಯ ಒಲವಿರುವ ಮಗುವನ್ನು ಹೆದರಿಸಿ ಬೇರೆ ದಾರಿಗೆ ನೂಕುವುದೂ ಬೇಡ. ಕಲೆಯ ಜೊತೆ ಒಂದು ತಾಂತ್ರಿಕ ಕೌಶಲ, ತಂತ್ರದ ಜೊತೆ ಒಂದು ನುಡಿಯ ಅಥವಾ ಕಲೆಯ ಕೌಶಲ ಇರಲಿ.

ಮೂರನೆಯದಾಗಿ, ಮತ್ತು ಮುಖ್ಯವಾಗಿ, ಕೆಲಸ ಕೊಡುವ ಸ್ಥಾನದಲ್ಲಿರುವವರಿಗೆ. 1961ರ ಅಪ್ರೆಂಟಿಸ್ ಕಾಯಿದೆಯ ಈಗಿನ ನಿಯಮದಂತೆ 30 ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಗಳು ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಭತ್ಯೆಯ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿಯ ಮಿತಿಯಲ್ಲಿ, ಕೇಂದ್ರ ಸರಕಾರ ಭರಿಸುತ್ತದೆ. ನಮ್ಮ ಜನರ ಎಷ್ಟು ಉದ್ದಿಮೆಗಳಲ್ಲಿ ಇದರ ಬಳಕೆಯಾಗುತ್ತಿದೆ? ನಮ್ಮದೇ ಆಸ್ಪತ್ರೆ, ಕಾಲೇಜು, ಮುದ್ರಣಾಲಯಗಳು ಕಾನೂನು ಬಂದು ಕೇಳುವ ತನಕ ಕಾಯಬೇಕೇ? ಯಂತ್ರ ಬೇಗ ಮಾಡಿಕೊಡುವ ಕೆಲಸವನ್ನೂ ಒಬ್ಬ ಹೊಸಬನಿಗೆ ಕೊಟ್ಟು, ತಪ್ಪಿದರೆ ತಿದ್ದಿ, ಸಂಬಳ ಕೊಟ್ಟು ಕಲಿಸುವುದು ಇಂದು ದೊಡ್ಡ ಸೇವೆ.

ಚರ್ಚ್ ಪಾಲನಾ ಮಂಡಳಿಗಳೂ ಯುವ ಸಂಚಲನದ ಘಟಕಗಳೂ ಸೇರಿ ಒಂದು ಸಣ್ಣ ಕೆಲಸದಿಂದ ಆರಂಭಿಸಬಹುದು. ಪ್ರತಿ ವಾಳೆಯಲ್ಲಿ ಕಸುಬು ಬಲ್ಲವರ ಪಟ್ಟಿ ಮಾಡಲಿ: ನಿವೃತ್ತ ಫಿಟ್ಟರ್, ಟರ್ನರ್, ದರ್ಜಿ, ಅಕ್ಷರ ಜೋಡಿಸುತ್ತಿದ್ದವರು, ಸಂಗೀತ ಕಲಿಸುವವರು, ಬೆಂಗಳೂರಿನ ಕಂಪನಿಗಳಲ್ಲಿ ಹಿರಿಯ ಹುದ್ದೆಯಲ್ಲಿರುವವರು. ಇನ್ನೊಂದು ಪಟ್ಟಿಯಲ್ಲಿ ಕಲಿಯಬೇಕಾದವರ ಹೆಸರಿರಲಿ. ಎರಡು ಪಟ್ಟಿಗಳನ್ನು ಸೇರಿಸುವುದಕ್ಕೆ ಯಾವ ದೊಡ್ಡ ಯೋಜನೆಯೂ ಬೇಡ, ತಿಂಗಳಿಗೆ ಎರಡು ಭಾನುವಾರ ಸಾಕು.

ದೂರವಾಣಿನಗರದ ಕಾರ್ಮಿಕರಿಗೆ ಬದಲಾವಣೆ ಬಂದದ್ದು ಕಸುಬು ಕಲಿತಾದ ಮೇಲೆ. ನಮ್ಮ ಮಕ್ಕಳಿಗೆ ಅದು ಕಲಿಯುವ ಮೊದಲೇ ಬಂದಿದೆ. ಅವರಿಗೆ ಮೊದಲ ಮೆಟ್ಟಿಲನ್ನು ಮಾರುಕಟ್ಟೆ ಕಟ್ಟಿಕೊಡುವುದಿಲ್ಲ. ಕಸುಬು ಬಲ್ಲವರೇ ಕಟ್ಟಿಕೊಡಬೇಕು. ಅಂಥವರು ನಮ್ಮ ಪ್ರತಿಯೊಂದು ಚರ್ಚಿನಲ್ಲೂ ಇದ್ದಾರೆ. ಅವರನ್ನು ಕೇಳಿಕೊಳ್ಳುವ ಕೆಲಸ ಮಾತ್ರ ಬಾಕಿ ಇದೆ.